ಮೊದಲನೇ ಬೇಸಿನ್ನಿನ ಅಕ್ಕ ಎದ್ದು ಬರಲಿಲ್ಲ

ಹೋದ ತಿಂಗಳು ಯಳಂದೂರಿನಲ್ಲಿ ನಂಟರ ಮದುವೆ ಮುಗಿಸಿಕೊಂಡು ನಾನೂ ಮೊಮ್ಮಗಳೂ ಕೊಳ್ಳೇಗಾಲದ ಬಸ್ಸು ಹತ್ತಿದೆವು. ಹಿಂದಿನ ಸೀಟಿನ ಹತ್ತಿರ ಯಾರೋ ನಾಲ್ಕು ಗೋಣಿಚೀಲ ಹಾಕಿದ್ದರು. ಬಿಸಿಲು ಏರಿ ಬಸ್ಸು ಬಿಸಿಯಾಗುತ್ತಿದ್ದಂತೆ ಚೀಲದಿಂದ ನಾತ ಎದ್ದಿತು. ಜನ ಸೆರಗು, ಟವಲು, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಂಡರು. ಒಬ್ಬ ಕಂಡಕ್ಟರನ ಮೇಲೆ ಕೂಗಾಡಿದ, ಹೆಣ ಸಾಗಿಸ್ತಿದ್ದೀಯೇನಯ್ಯ ಅಂತ. ನನಗೆ ಮೂಗು ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಅದು ರೇಷ್ಮೆ ಗೂಡಿನೊಳಗಿನ ಸತ್ತ ಹುಳ. ನೂಲು ಬಿಚ್ಚಿದ ಮೇಲೆ ಉಳಿಯುವ ಹುಳವನ್ನು ಒಣಗಿಸಿ ಮೀನಿಗೆ, ಕೋಳಿಗೆ ಮೇವು ಅಂತ ಮಾರುತ್ತಾರೆ. ಮೂವತ್ತೈದು ವರ್ಷ ಆ ನಾತದ ಮಧ್ಯೆ ಕೂತು ಬುತ್ತಿ ಉಂಡವಳು ನಾನು. ನಮಗೆ ಅದು ನಾತ ಅಂತ ಬೇರೆಯವರು ಹೇಳಬೇಕು.

ಪಕ್ಕದಲ್ಲಿ ಮೊಮ್ಮಗಳು ಲೈಬ್ರರಿ ಪುಸ್ತಕ ಹಿಡಿದು ಕೂತಿದ್ದಳು. ಕಾಲೇಜಿನಲ್ಲಿ ಓದುತ್ತಾಳೆ. ಕಣ್ಣು ಒರೆಸಿಕೊಂಡಳು, ನಾತಕ್ಕೆ ಅಂದುಕೊಂಡೆ. ನೋಡಿದರೆ ಅಳುತ್ತಾ ಇದ್ದಾಳೆ. ಏನಾಯ್ತೇ ಅಂದರೆ, ಕತೆ ಅಜ್ಜಿ ಅಂದಳು. ಏನು ಕತೆ, ನನಗೂ ಹೇಳು ಅಂದೆ.

ಒಂದು ಪಟ್ಟಣವಂತೆ. ಸುತ್ತ ಗೋಡೆ. ಒಳಗಿರುವವರು ಹೊರಗೆ ಹೋಗುವ ಹಾಗಿಲ್ಲ, ಯಾರು ಏನು ಮಾತಾಡಿದರೂ ಕೇಳಿಸಿಕೊಳ್ಳುವ ಯಂತ್ರ ಇಟ್ಟಿರುತ್ತಾರೆ. ಅಲ್ಲಿ ಒಬ್ಬ ಮುದುಕ ಮೇಷ್ಟ್ರು ಹುಡುಗರಿಗೆ ಗುಟ್ಟಾಗಿ ಹೊರಗಿನ ದಾರಿ ಕಲಿಸುತ್ತಾನೆ. ಕೊನೆಗೆ ಎಲ್ಲರೂ ತಪ್ಪಿಸಿಕೊಂಡು ಹೋಗುವ ದಿನ ಅವನು ಮಾತ್ರ ಹೋಗುವುದಿಲ್ಲ. ದಿನಾ ಹೊಡೆಯುವ ಗಂಟೆಯನ್ನು ಅವತ್ತೂ ಹೊಡೆಯುತ್ತಾ ಅಲ್ಲೇ ಉಳಿಯುತ್ತಾನೆ. ಗಂಟೆ ಕೇಳುತ್ತಿರುವವರೆಗೂ ಎಲ್ಲರೂ ಒಳಗೇ ಇದ್ದಾರೆ ಅಂತ ಕಾವಲಿನವರು ತಿಳಿದುಕೊಳ್ಳುತ್ತಾರೆ. ಅಷ್ಟರಲ್ಲಿ ಇವರು ದೂರ ಹೋಗಿರುತ್ತಾರೆ... ಹೇಳುತ್ತಾ ಹೇಳುತ್ತಾ ಮತ್ತೆ ಅತ್ತಳು. ಇದು ಮುಂದೆ ಬರೋ ಕಾಲದ ಕತೆ ಅಜ್ಜಿ, ಇನ್ನೂ ಆಗಿಲ್ಲ ಅಂದಳು.

"ಗೇಟಿಗೆ ಬೀಗ ಜಡಿದು ಜನ ಕೂಡಾಕೋದು ಮುಂದಿನ ಕಾಲವಾ? ಬಂದು ಓಯ್ತು ಕಣವ್ವ ಅದು," ಅಂದೆ. "ಉಳ್ಕಂಡೋಳೂ ಒಬ್ಳು ಇದ್ಲು. ಅವ್ಳ ಮ್ಯಾಲೆ ಯಾರೂ ಪುಸ್ತ್ಕ ಬರೀನಿಲ್ಲ."

ಬಾಯಿ ತಪ್ಪಿ ಬಂದ ಮಾತು. ಆಮೇಲೆ ಮೊಮ್ಮಗಳು ಬಿಡಲಿಲ್ಲ. ಯಾರು, ಯಾಕೆ ಉಳಿದಳು, ಎಷ್ಟು ಜನ ಬದುಕಿದರು ಅಂತ ಕೇಳಿದ್ದನ್ನೇ ಕೇಳಿದಳು. ಕೊಳ್ಳೇಗಾಲ ಬರುವವರೆಗೆ ಅರ್ಧ ಹೇಳಿದೆ. ಮಿಕ್ಕ ಅರ್ಧ ಬಸ್ಸಿನಲ್ಲಿ ಹೇಳುವಂಥದ್ದಲ್ಲ. ಬರೆಯುವುದೇ ವಾಸಿ. ನಾನು ಓದಿರುವುದು ನಾಲ್ಕನೇ ಕ್ಲಾಸು, ಅಕ್ಷರ ಹೆಂಗೆ ಬರುತ್ತೋ ಹಂಗೆ.

ನಮ್ಮ ಫ್ಯಾಕ್ಟರಿ ದೊಡ್ಡದೇನಲ್ಲ. ಮಧುವನಹಳ್ಳಿ ರಸ್ತೆಯಲ್ಲಿ ಉದ್ದಕ್ಕೆ ಒಂದು ಹೆಂಚಿನ ಕೊಟ್ಟಿಗೆ, ಆಳೆತ್ತರದ ಗೋಡೆ, ಕಂಬಿ ಇದ್ದ ಕಬ್ಬಿಣದ ಗೇಟು. ಒಳಗೆ ಹನ್ನೊಂದು ಬೇಸಿನ್. ಬೇಸಿನ್ ಅಂದರೆ ಬಿಸಿನೀರಿನ ತೊಟ್ಟಿ, ಒಂದೊಂದಕ್ಕೆ ಒಬ್ಬೊಬ್ಬ ಹೆಂಗಸು. ಬೇಯಿಸಿದ ಗೂಡನ್ನು ಆ ನೀರಿಗೆ ಬಿಟ್ಟು, ಒಂದೊಂದು ಗೂಡಿನ ಎಳೆಯನ್ನೂ ಹುಡುಕಿ ಹಿಡಿದು, ಏಳೆಂಟು ಎಳೆ ಕೂಡಿಸಿ ಮೇಲೆ ತಿರುಗುವ ರಾಟೆಗೆ ಕೊಡಬೇಕು. ರಾಟೆಯನ್ನು ಮೋಟಾರು ತಿರುಗಿಸುತ್ತದೆ. ಎಳೆ ಹರಿದರೆ ಕೂಡಿಸು, ಗೂಡು ಮುಗಿದರೆ ಇನ್ನೊಂದು ಹಾಕು. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಇದೇ ಕೆಲಸ. ನನಗೆ ಆಗ ಇಪ್ಪತ್ತೊಂದು. ಮದುವೆಯಾಗಿ ಮಧುವನಹಳ್ಳಿಗೆ ಬಂದು ಎರಡು ವರ್ಷ ಆಗಿತ್ತು.

ಬಾಗಿಲ ಹತ್ತಿರದ ಮೊದಲನೇ ಬೇಸಿನ್ ಅಕ್ಕನದು. ಹನೂರಿನ ಕಡೆ ಶಾಗ್ಯದವಳು. ಗಂಡ ಯಾವಾಗಲೋ ಹೋಗಿದ್ದ. ಒಬ್ಬಳೇ ಮಗಳು, ಅವಳನ್ನು ಗೋಪಿನಾಥಂಗೆ ಕೊಟ್ಟಿದ್ದಳು. ಅಲ್ಲಿಗೆ ಬಸ್ಸು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಬ್ಬಕ್ಕೂ ಮಗಳ ಮುಖ ಕಾಣುತ್ತಿರಲಿಲ್ಲ. ಆ ಕೊಟ್ಟಿಗೆಯಲ್ಲಿ ಕೂತಿದ್ದ ನಾವು ಹತ್ತು ಜನಕ್ಕೂ ಕೆಲಸ ಕಲಿಸಿದವಳು ಅವಳೇ. ಸಾವ್ಕಾರ ಯಾರನ್ನಾದರೂ ಹೊಸದಾಗಿ ತಂದರೆ ಮೂರು ತಿಂಗಳು ಅವಳ ಪಕ್ಕ ಕೂರಿಸುತ್ತಿದ್ದ.

ನಾನೂ ಕೂತೆ. ಮೊದಲ ದಿನ ನೀರಿಗೆ ಬೆರಳಿಟ್ಟು ಚೀರಿದ್ದಕ್ಕೆ ಮಣಿಕಟ್ಟಿನ ಮೇಲೆ ಒಂದು ಏಟು ಬಿತ್ತು. ಎಳೆ ಕಾಣದೆ ಬಗ್ಗಿ ಬಗ್ಗಿ ನೋಡಿದರೆ ಬೈಯುತ್ತಿದ್ದಳು. "ಕಣ್ಣಲ್ಲಿ ಉಡುಕ್‌ಬ್ಯಾಡ ಕಣಮ್ಮಿ, ಬೆರಳಲ್ಲಿ ಉಡುಕು. ಎಳೆ ತಾನಾಗೇ ಬಂದು ತಗಲ್ತದೆ." ಹದಿನೈದು ದಿನಕ್ಕೆ ಬೆರಳ ತುದಿ ಬೆಳ್ಳಗೆ ಊದಿ ಸಿಪ್ಪೆ ಎದ್ದಿತು. ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಅಕ್ಕ ಒಂದು ಬಟ್ಟಲಲ್ಲಿ ಹರಳೆಣ್ಣೆ ಅರಿಶಿನ ಕಲೆಸಿ, ನನ್ನ ಹತ್ತು ಬೆರಳಿಗೂ ಒಂದೊಂದಾಗಿ ಹಚ್ಚುತ್ತಿದ್ದಳು. ನನ್ನ ತಾಯಿ ಹಂಗೆ ಹಚ್ಚಿದ್ದಿಲ್ಲ. ಹಚ್ಚಿ ಆದ ಮೇಲೆ ನಾನು ಉಣ್ಣಲು ಕೈ ಬರದೆ ಕೂತರೆ, ಮುದ್ದೆ ಮುರಿದು ಬಾಯಿಗಿಟ್ಟು, ನುಂಗು, ಮೋರೆ ನೋಡ್ತಾ ಕೂರಬೇಡ ಅನ್ನುತ್ತಿದ್ದಳು.

ಅವಳದ್ದು ಒಂದು ನೇಮ ಇತ್ತು. ಬೆಳಿಗ್ಗೆ ಮೊದಲ ಗೂಡು ಬೇಯಲು ಬಿಡುವಾಗ ಒಂದು ಗೂಡು ಎತ್ತಿ ಕಣ್ಣಿಗೊತ್ತಿಕೊಂಡು, ತಪ್ಪಾಯ್ತು ಮಾದಪ್ಪ ಅನ್ನುತ್ತಿದ್ದಳು. ಹುಳ ಸಾಯುವುದು ನಮಗೋಸ್ಕರ, ಸತ್ತ ಮೇಲೆ ಅದರ ಎಳೆಯನ್ನ ಕೊನೆತನಕ ಬಿಚ್ಚಲೇಬೇಕು, ನಡುವೆ ಬಿಟ್ಟು ಎದ್ದರೆ ಕೊಂದ ಪಾಪ ಕೈಯಲ್ಲೇ ಉಳಿಯುತ್ತೆ, ಇದು ಅವಳ ಮಾತು. ಬೆಂದ ಗೂಡು ಕಾಯುವುದಿಲ್ಲ ಅನ್ನುವುದೂ ನಿಜವೇ. ಬೆಂದು ಎರಡು ಗಂಟೆ ಕಳೆದರೆ ಮೆತ್ತಗಾಗಿ ಎಳೆ ಹರಿದು ಹರಿದು ಬರುತ್ತದೆ, ಮಾಲು ಹಾಳು. ಜ್ವರ ಬಂದಿರಲಿ, ತಿಂಗಳ ಹೊಟ್ಟೆನೋವಿರಲಿ, ಬೇಸಿನ್ನಿನಲ್ಲಿ ಬೆಂದ ಗೂಡಿದ್ದರೆ ಅಕ್ಕ ಏಳುತ್ತಿರಲಿಲ್ಲ, ಯಾರನ್ನೂ ಏಳಿಸುತ್ತಿರಲಿಲ್ಲ. ನಮಗೂ ಅದೇ ಅಭ್ಯಾಸ ಆಯಿತು.

ನನಗೆ ಗಂಡುಮಗು ಆಯಿತು. ಮೂರು ತಿಂಗಳು ತುಂಬುತ್ತಲೇ ಕೆಲಸಕ್ಕೆ ವಾಪಸು ಬಂದೆ. ಆಗ ಹಾಲೂಡುವ ಕೂಸಿದ್ದವರು ನಾವು ನಾಲ್ಕು ಜನ. ಬೆಳಿಗ್ಗೆ ಒಳಗೆ ಹೋದರೆ ಗೇಟಿಗೆ ಬೀಗ, ಸಂಜೆ ಐದಕ್ಕೇ ನಮ್ಮನ್ನು ಬಿಡುವುದು. ನೂಲು ಕದಿಯುತ್ತೇವೆ ಅಂತ ಸಾವ್ಕಾರನಿಗೆ ಗುಮಾನಿ. ಸಂಜೆ ಹೋಗುವಾಗ ಮಡಿಲು, ರವಿಕೆ, ತುರುಬು ಬಿಚ್ಚಿಸಿ ನೋಡುತ್ತಿದ್ದರು. ನಮ್ಮಲ್ಲೊಬ್ಬಳು, ಸಾವ್ಕಾರನ ಹೊಟ್ಟೆ ತಡಕಿ ನೋಡಿ ಮೊದಲು, ಎಷ್ಟು ಕೇಜಿ ಸಿಗುತ್ತೋ ಅನ್ನುತ್ತಿದ್ದಳು. ನಕ್ಕು ಬಿಚ್ಚಿ ತೋರಿಸುತ್ತಿದ್ದೆವು. ಅಭ್ಯಾಸ ಆಗಿತ್ತು.

ಮಧ್ಯಾಹ್ನ ನಮ್ಮತ್ತೆ ಕೂಸನ್ನು ಎತ್ತಿಕೊಂಡು ಗೇಟಿನ ಹತ್ತಿರ ಬರುತ್ತಿದ್ದಳು. ಅವಳು ಕಂಬಿಯ ಆಚೆ ನಿಂತು ಕೂಸನ್ನು ಎತ್ತಿ ಹಿಡಿಯುವಳು, ನಾನು ಈಚೆ ಮಂಡಿಯೂರಿ ಕಂಬಿಗೆ ಎದೆ ಒತ್ತಿ ಹಾಲು ಕೊಡುವೆ. ಬಿಸಿಲಿಗೆ ಕಂಬಿ ಸುಡುತ್ತಿತ್ತು. ಒದ್ದೆ ಬಟ್ಟೆ ಸುತ್ತಿಕೊಂಡು ಕೊಡುತ್ತಿದ್ದೆ. ನಾಲ್ಕು ಜನವೂ ಹಂಗೇ ಸಾಲಾಗಿ ಕೂರುತ್ತಿದ್ದೆವು. ಈಗ ಬರೆದರೆ ಎಂಥದ್ದೋ ಅನ್ನಿಸುತ್ತೆ. ಆಗ ಇಷ್ಟಾದರೂ ಇದೆಯಲ್ಲ ಅಂದುಕೊಳ್ಳುತ್ತಿದ್ದೆವು.

ಅದೂ ಉಳಿಯಲಿಲ್ಲ. ಒಂದು ದಿನ ಕೂಸಿನ ಬಟ್ಟೆಯಲ್ಲಿ ನೂಲಿನ ಲಡಿ ಸಿಕ್ಕಿತು. ನನ್ನದಲ್ಲ. ನಾಲ್ವರಲ್ಲಿ ಒಬ್ಬಳು ಹಾಲು ಕೊಡುವಾಗ ಸುತ್ತಿ ಕಳಿಸಿದ್ದಳು, ಅದು ನಿಜ, ಸುಳ್ಳು ಹೇಳುವುದಿಲ್ಲ. ಅವಳನ್ನು ಓಡಿಸಿ, ಹಿಂದೆ ಅಕ್ಕನ ಹತ್ತಿರವೇ ಕಲಿತು ಬಿಟ್ಟುಹೋಗಿದ್ದ ಇನ್ನೊಬ್ಬಳನ್ನು ಆ ಬೇಸಿನ್ನಿಗೆ ಕೂರಿಸಿದರು. ಮಾರನೇ ದಿನ ನಾವು ಬರುವ ಹೊತ್ತಿಗೆ ಗೇಟಿನ ಕಂಬಿಗೆ ಪೂರ್ತಿ ತಗಡು ಹೊಡೆದಿತ್ತು. ಬೆರಳು ತೂರುವಷ್ಟೂ ಸಂದಿಲ್ಲ.

ಮಧ್ಯಾಹ್ನ ಅತ್ತೆ ಬಂದಳು. ತಗಡಿನ ಆಚೆ ಕೂಸು ಅಳುತ್ತಿತ್ತು. ಈಚೆ ನನ್ನ ಹಾಲು ಸುರಿದು ರವಿಕೆ ತೊಯ್ದು ಸೊಂಟಕ್ಕೆ ಇಳಿಯಿತು. ವಾಚ್‌ಮನ್ನು ಸಾವ್ಕಾರ ಹೇಳಿದ್ದಾರೆ ಕಣ್ರವ್ವ ಅಂತ ಅಂದು ಆ ಕಡೆ ತಿರುಗಿ ಬೀಡಿ ಹಚ್ಚಿದ. ಹಂಗೇ ಎಂಟು ದಿನ ಆಯಿತು. ಕೂಸಿಗೆ ಅತ್ತೆ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುತ್ತಿದ್ದಳು. ಸಂಜೆ ನಾನು ಹೋಗಿ ಎದೆಗೆ ಹಾಕಿಕೊಂಡರೆ ಎರಡು ಗುಟುಕು ಎಳೆದು ಬಿಟ್ಟುಬಿಡುತ್ತಿತ್ತು. ಹಾಲು ಕಟ್ಟಿ, ಎದೆ ಕಲ್ಲಾಗಿ, ನನಗೆ ಜ್ವರ. ಆಮೇಲೆ ಕಡಿಮೆಯಾಗುತ್ತಾ ಬಂತು.

ಅಕ್ಕ ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. ನಮ್ಮ ಪರವಾಗಿ ಸಾವ್ಕಾರನ ಹತ್ತಿರ ಹೋಗಿ ಕೇಳಿದವಳು ಅವಳೇ. ಮಧ್ಯಾಹ್ನ ಅರ್ಧ ಗಂಟೆ ಗೇಟು ತೆಗೀರಿ ಸಾ, ಬೇಕಾದರೆ ನಾನೇ ಎದುರಿಗೆ ನಿಂತು ನೋಡಿಕೊಳ್ತೀನಿ ಅಂದಳಂತೆ. ಅವನು ನೋಡೋಣ ಅಂದ. ಎರಡನೇ ಸಲವೂ ನೋಡೋಣ ಅಂದ. ಮೂರನೇ ಸಲ ಅವಳು ಹೋದಾಗ ತಲೆ ಎತ್ತಲೇ ಇಲ್ಲವಂತೆ.

ಆಗ ನನಗೆ ಒಂದು ಯೋಚನೆ ಬಂತು. ಅದು ಅವಳು ಕಲಿಸಿದ್ದರಿಂದಲೇ ಬಂದದ್ದು. ಗೂಡು ಬೇಯಿಸಿ ಎಲ್ಲ ಬೇಸಿನ್ನಿಗೂ ಹಂಚಿದ ಮೇಲೆ ಹನ್ನೊಂದು ಜನವೂ ಒಟ್ಟಿಗೆ ಎದ್ದು ಹೊರಗೆ ಹೋಗಿ ಕೂತರೆ? ಅವನಿಗೆ ಎರಡು ಗಂಟೆ ಟೈಮು. ಅಷ್ಟರಲ್ಲಿ ತಗಡು ಕೀಳಿಸಬೇಕು, ಇಲ್ಲ ಅಂದರೆ ಅವತ್ತಿನ ಗೂಡೆಲ್ಲ ತಿಪ್ಪೆಗೆ. ಗೇಟಿನ ಬೀಗ ಹೆಂಗೂ ಏಳೂವರೆಗೆ ಸೌದೆ ಗಾಡಿ ಬಂದಾಗ ತೆಗೆಯುತ್ತಾರೆ, ಆಗಲೇ ಏಳುವುದು. ಒಬ್ಬೊಬ್ಬರ ಕಿವಿಯಲ್ಲಿ ಹೇಳಿದೆ. ಎಲ್ಲರೂ ಹೂಂ ಅಂದರು, ಕೂಸಿಲ್ಲದವರೂ ಅಂದರು. ಕೊನೆಗೆ ಅಕ್ಕನಿಗೆ ಹೇಳಿದೆ.

ಅವಳು ಎಳೆ ಕೂಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಏಳದಾದ್ರೆ ಬೇಯ್ಸಕ್ ಮುಂಚೆ ಏಳಿ. ನಾನೇ ಮುಂದ್‌ಗಡೆ ಓಯ್ತೀನಿ. ಬೆಂದ್ ಮ್ಯಾಲೆ ಬ್ಯಾಡ."

"ಬೇಯ್ಸಕ್ ಮುಂಚೆ ಎದ್ರೆ ಅವ್ನಿಗೇನಕ್ಕ ಓಯ್ತದೆ? ನಾಳಿಕ್ ಬೇಯ್ಸ್ಕತಾನೆ."

"ಅದು ನಂಗೊತ್ತಿಲ್ಲ. ಬೆಂದಿದ್ದ ಬುಟ್ಟು ನಾ ಏಳಕಿಲ್ಲ ಕಣಮ್ಮಿ."

ನಾನು ನಕ್ಕೆ. ಹೇಳುತ್ತಾಳೆ ಅಷ್ಟೆ, ಹತ್ತು ಜನ ಎದ್ದು ನಿಂತರೆ ಅವಳೊಬ್ಬಳೇ ಕೂರುತ್ತಾಳಾ ಅಂದುಕೊಂಡೆ. ನನ್ನ ಬೆರಳಿಗೆ ಎಣ್ಣೆ ಹಚ್ಚಿದವಳು, ನನ್ನ ಕೂಸಿನ ಅಳು ತಗಡಿನ ಆಚೆಯಿಂದ ದಿನಾ ಕೇಳಿದವಳು. ನಾನು ಕೆಟ್ಟದ್ದು ಅಲ್ಲೇ. ಅವಳು ಹೇಳಿದ್ದನ್ನು ಹೇಳಿದ ಹಾಗೇ ನಂಬಬೇಕಿತ್ತು. ಅವಳು ಯಾವತ್ತೂ ಒಂದು ಮಾತು ಹೆಚ್ಚಿಗೆ ಆಡಿದವಳಲ್ಲ.

ಸೋಮವಾರ ಬೆಳಿಗ್ಗೆ. ಗೂಡು ಬೆಂದಿತ್ತು, ಹನ್ನೊಂದು ಬೇಸಿನ್ನಿಗೂ ಹಾಕಿ ಆಗಿತ್ತು. ಸೌದೆ ಗಾಡಿ ಬಂತು, ಗೇಟು ತೆಗೆದರು. ನಾನು ಎದ್ದೆ. ನನ್ನ ಹಿಂದೆ ಎಂಟು, ಒಂಬತ್ತು... ಸೀರೆ ಸರಿಮಾಡಿಕೊಳ್ಳುತ್ತಾ ಎಲ್ಲ ಹೊರಗೆ ಬಂದೆವು. ವಾಚ್‌ಮನ್ನು ಏನೇನೋ ಅಂದ, ಕೇಳಲಿಲ್ಲ. ರಸ್ತೆ ಆಚೆ ಹೊಂಗೆ ಮರದ ಕೆಳಗೆ ಕೂತೆವು. ಅತ್ತೆಗೆ ಮೊದಲೇ ಹೇಳಿದ್ದೆ, ಕೂಸು ತಂದಿದ್ದಳು. ಅವತ್ತು ಬಿಸಿಲಿಲ್ಲ, ಕಂಬಿ ಇಲ್ಲ, ಕಾಲು ಚಾಚಿ ಕೂತು ಮಡಿಲಲ್ಲಿ ಮಲಗಿಸಿಕೊಂಡು ಹಾಲು ಕೊಟ್ಟೆ. ಅದು ಕುಡಿಯುತ್ತಾ ನನ್ನ ತಾಳಿ ಹಿಡಿದು ಎಳೆಯುತ್ತಿತ್ತು.

ಆಮೇಲೆ ಯಾರೋ ಎಣಿಸಿದರು. ಹತ್ತು ಜನ. ಅಕ್ಕ ಇಲ್ಲ.

ಬರುತ್ತಾಳೆ ಇರಿ ಅಂದೆ. ಆಗ ಕೇಳಿಸಿತು. ಕೊಟ್ಟಿಗೆಯ ಒಳಗೆ ಒಂದು ರಾಟೆ ತಿರುಗುತ್ತಿತ್ತು. ಹನ್ನೊಂದು ಒಟ್ಟಿಗೆ ತಿರುಗುವಾಗ ಸದ್ದು ಗೊತ್ತಾಗುವುದಿಲ್ಲ, ಮಳೆ ಹೊಯ್ದ ಹಾಗಿರುತ್ತೆ. ಒಂದೇ ತಿರುಗಿದರೆ ಟಕ್ ಟಕ್ ಅಂತ ಒಂದೊಂದು ಸುತ್ತೂ ಬೇರೆಬೇರೆ ಕೇಳುತ್ತದೆ. ಹತ್ತು ಜನವೂ ಮಾತು ಬಿಟ್ಟು ಅದನ್ನೇ ಕೇಳುತ್ತಾ ಕೂತೆವು. ನಮ್ಮತ್ತೆ ಕೇಳಿದಳು, ನಿಮ್ಮಕ್ಕನಿಗೆ ಕಾಲು ಹಿಡಕೊಂಡಿದೆಯಾ ಅಂತ.

ಸಾವ್ಕಾರ ಸ್ಕೂಟರಿನಲ್ಲಿ ಬಂದ. ಬರುವಾಗ ಅವನ ಮುಖ ನೋಡಬೇಕಿತ್ತು, ಬೆವರು ಇಳಿಯುತ್ತಿತ್ತು. ಗೆದ್ದೆವು ಅಂತಲೇ ನಾನು ಅಂದುಕೊಂಡಿದ್ದು. ಅವನು ಸ್ಕೂಟರ್ ನಿಲ್ಲಿಸಿ, ಒಳಗಿನ ಸದ್ದು ಕೇಳಿ, ಹಂಗೇ ನಿಂತ. ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಕುರ್ಚಿ ತರಿಸಿ ಗೇಟಿನಲ್ಲೇ ಕೂತು ಕಾಫಿ ಕುಡಿದ. ಲೋಟ ಕೆಳಗಿಟ್ಟು ಮೆತ್ತಗೆ ಹೇಳಿದ, ಸಿಟ್ಟೂ ಇರಲಿಲ್ಲ.

"ಕೂತ್ಕೊಳಿ, ಹತ್ತು ಜನವೂ ಅಲ್ಲೇ ಕೂತ್ಕೊಳಿ. ಇವತ್ತು ಹೋದರೆ ಒಂದು ದಿನದ ಗೂಡು. ನಿಮಗೆ ಕಲಿಸಿದೋಳು ಒಳಗೇ ಇದಾಳೆ, ಇನ್ನು ಹತ್ತು ಜನಕ್ಕೆ ಕಲಿಸ್ತಾಳೆ. ನನಗೆ ಒಬ್ಬಳು ಸಾಕು."

ನಿಜ ಅಲ್ಲವಾ? ನಮ್ಮ ಕೈಯಲ್ಲಿದ್ದ ಕಸುಬೆಲ್ಲ ಅವಳ ಕೈಯಿಂದ ಬಂದದ್ದು. ಅವಳು ಹೊರಗೆ ಬಂದಿದ್ದರೆ ಅವನಿಗೆ ಕೊಳ್ಳೇಗಾಲ ಪೂರ್ತಿ ಹುಡುಕಿದರೂ ಹೊಸಬರಿಗೆ ಹೇಳಿಕೊಡಲು ಒಬ್ಬರು ಸಿಗುತ್ತಿರಲಿಲ್ಲ. ಒಳಗೇ ಕೂತಿದ್ದಕ್ಕೆ ನಾವು ಹತ್ತು ಜನ ಸೇರಿ ಹತ್ತು ಕಾಸಿಗೆ ಬೆಲೆಯಿಲ್ಲದವರಾದೆವು.

ಮೊದಲು ಮೂರನೇ ಬೇಸಿನ್ನಿನವಳು ಎದ್ದಳು. ಕಣ್ಣಿಗೆ ಕಣ್ಣು ಕೊಡದೆ, ನಮ್ಮೆಜಮಾನ ಒಡೀತಾನೆ ಕಣಕ್ಕ ಅಂದು ಒಳಗೆ ಹೋದಳು. ಆಮೇಲೆ ಇಬ್ಬರು. ಆಮೇಲೆ ಕೂಸಿದ್ದವರೇ ಒಬ್ಬಳು. ಒಂದೊಂದೇ ರಾಟೆ ಶುರುವಾಗುವುದು ಕೇಳುತ್ತಿತ್ತು. ಹನ್ನೊಂದರ ಹೊತ್ತಿಗೆ ಮರದ ಕೆಳಗೆ ನಾನು, ಅತ್ತೆ, ಕೂಸು. ಕೂಸು ನಿದ್ದೆ ಹೋಗಿತ್ತು. ಅತ್ತೆಯ ಕೈಗೆ ಕೊಟ್ಟು ನಾನೂ ಎದ್ದೆ. ಮನೆಯಲ್ಲಿ ಬೇರೆ ದಾರಿ ಇರಲಿಲ್ಲ, ಗಂಡನಿಗೆ ವಾರಕ್ಕೆ ಎರಡು ದಿನ ಕೂಲಿ ಸಿಕ್ಕರೆ ಹೆಚ್ಚು. ಸಾವ್ಕಾರ ನನ್ನನ್ನು ಒಂದು ಗಂಟೆ ಗೇಟಿನಲ್ಲೇ ನಿಲ್ಲಿಸಿ ಆಮೇಲೆ ಬಿಟ್ಟ.

ಒಳಗೆ ಬಂದರೆ ನನ್ನ ಬೇಸಿನ್ ಖಾಲಿ. ಗೂಡು ಹಾಳಾಗಿ ಎಸೆದಿದ್ದಾರೆ ಅಂದುಕೊಂಡೆ. ಮೇಲೆ ನೋಡಿದರೆ ರಾಟೆಯ ಮೇಲೆ ನೂಲು ತುಂಬಿದೆ, ಒಂದು ಗಂಟಿಲ್ಲ, ಒಂದು ಜಾಳಿಲ್ಲ. ಅಕ್ಕ ತನ್ನದು ಮುಗಿಸಿ ನನ್ನ ಬೇಸಿನ್ನಿಗೆ ಬಂದು ನನ್ನ ಪಾಲಿನ ಗೂಡನ್ನೂ ಕೊನೆತನಕ ಬಿಚ್ಚಿದ್ದಳು. ಅದನ್ನು ನೋಡಿ ನನಗೆ ಬಂದ ಸಿಟ್ಟು ಸಾವ್ಕಾರನ ಮೇಲೂ ಬಂದಿರಲಿಲ್ಲ. ಅವನು ಸಾವ್ಕಾರ, ಅವನ ಬುದ್ಧಿ ಅಷ್ಟೆ. ಇವಳು...

ಮಧ್ಯಾಹ್ನದ ಬುತ್ತಿ ಹೊತ್ತಿಗೆ ಅವಳು ಹರಳೆಣ್ಣೆ ಬಟ್ಟಲನ್ನು ನನ್ನ ಕಡೆ ಸರಿಸಿದಳು. ನಾನು ಮೊಣಕೈಯಲ್ಲಿ ತಳ್ಳಿದೆ. ಚೆಲ್ಲಿತು. ಅವಳು ಸೆರಗಿನಲ್ಲಿ ಒರೆಸಿದಳು. ಆ ದೀಪಾವಳಿಗೆ ಸಾವ್ಕಾರ ಅವಳೊಬ್ಬಳಿಗೆ ಸೀರೆ ಕೊಟ್ಟ. ಬೇಡ ಅನ್ನಲಿಲ್ಲ. ಉಟ್ಟಿದ್ದನ್ನೂ ನಾನು ನೋಡಲಿಲ್ಲ.

ತಗಡು ಹಂಗೇ ಇತ್ತು. ನನ್ನ ಹಾಲು ಪೂರ್ತಿ ಬತ್ತಿತು. ಬೇಸಿಗೆಯಲ್ಲಿ ಕೂಸಿಗೆ ಭೇದಿ ಹತ್ತಿತು. ಮೂರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಡಾಕ್ಟರು ನೀರು ಕೆಟ್ಟದ್ದು ಅಂದರು, ಎದೆಹಾಲು ಯಾಕೆ ಬಿಡಿಸಿದೆ ಅಂತ ಬೈದರು. ನಾಲ್ಕನೇ ದಿನ ಹೋಯಿತು. ಹನ್ನೊಂದು ತಿಂಗಳು ತುಂಬಿರಲಿಲ್ಲ.

ಮಣ್ಣು ಮಾಡಿ ಬಂದು ಜಗಲಿಯಲ್ಲಿ ಕೂತಿದ್ದೆ. ಅಕ್ಕ ಬಂದಳು. ಕೆಲಸ ಮುಗಿಸಿ ನಡೆದುಕೊಂಡು ಬಂದಿದ್ದಳು, ಮೈಯೆಲ್ಲ ಗೂಡಿನ ವಾಸನೆ. ಮೆಟ್ಟಿಲ ಕೆಳಗೇ ನಿಂತಳು. ಕೂತ್ಕೊ ಅಂತ ಯಾರೂ ಅನ್ನಲಿಲ್ಲ. "ಬೆಂದೋಗಿತ್ತು ಕಣಮ್ಮಿ," ಅಂದಳು. ಅಷ್ಟೇ.

"ಸತ್ತ ಉಳುವಿನ್ ಮ್ಯಾಲೆ ಇದ್ದ ಕನಿಕರ ಜೀವ ಇದ್ದ ಕೂಸಿನ್ ಮ್ಯಾಲೆ ಇರ್ನಿಲ್ಲ," ಅಂದೆ. "ನಿನ್ ಮಗ್ಳು ನಿನ್ ಆಲು ಕುಡ್ದು ಬೆಳುದ್ಲು. ನಿಂಗೇನ್ ಗೊತ್ತು. ಓಗು."

ಹೋದಳು. ತಿರುಗಿ ನೋಡಲಿಲ್ಲ. ನಾನು ಆ ಫ್ಯಾಕ್ಟರಿಗೆ ಮತ್ತೆ ಹೋಗಲಿಲ್ಲ, ಕೊಳ್ಳೇಗಾಲದ ಒಳಗೆ ಬೇರೆ ಕಡೆ ಸೇರಿದೆ. ನಾಲ್ಕು ತಿಂಗಳಾದ ಮೇಲೆ ಸೌದೆ ಲಾರಿ ಹಿಂದಕ್ಕೆ ತೆಗೆಯುವಾಗ ಗೇಟಿಗೆ ಗುದ್ದಿ ತಗಡು ಕಿತ್ತುಹೋಯಿತಂತೆ. ಸಾವ್ಕಾರ ಮತ್ತೆ ಹೊಡೆಸುವ ಗೋಜಿಗೆ ಹೋಗಲಿಲ್ಲವಂತೆ. ಆಮೇಲೆ ಬಂದ ಹೆಂಗಸರು ಕಂಬಿಯಲ್ಲಿ ಹಾಲು ಕೊಟ್ಟರಂತೆ.

ಅವಳನ್ನು ಇನ್ನೊಂದು ಸಲ ನೋಡಿದ್ದೇನೆ. ಏಳೆಂಟು ವರ್ಷ ಆಗಿತ್ತು, ನನ್ನ ಮಗಳು ಹುಟ್ಟಿ ಓಡಾಡುತ್ತಿದ್ದಳು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಒಂದು ಗಂಟುಮೂಟೆ ಇಟ್ಟುಕೊಂಡು ಕೂತಿದ್ದಳು. ಕೈ ಕೆಲಸಕ್ಕೆ ಬಾರದ ಹಾಗಾಗಿ ಮಗಳ ಊರಿಗೆ ಹೋಗುತ್ತಿದ್ದಾಳೆ ಅಂತ ಆಮೇಲೆ ಗೊತ್ತಾಯಿತು. ಹೆಬ್ಬೆರಳು ಮಡಚುತ್ತಿರಲಿಲ್ಲವಂತೆ. ನನ್ನನ್ನು ನೋಡಿ ಕೈ ಎತ್ತಿದಳು. ಕರೆದಳೋ, ಬಿಸಿಲಿಗೆ ಹಣೆಗೆ ಅಡ್ಡ ಹಿಡಿದಳೋ, ಗೊತ್ತಿಲ್ಲ. ನಾನು ಬಸ್ಸಿನ ಬೋರ್ಡು ಓದುವವಳ ಹಾಗೆ ಆ ಕಡೆ ತಿರುಗಿದೆ. ಬಾಳೆಹಣ್ಣು ತಗೊಂಡು ಮಗಳನ್ನು ಎಳೆದುಕೊಂಡು ಬಂದುಬಿಟ್ಟೆ. ಅವಳ ಬಸ್ಸು ಎಷ್ಟು ಹೊತ್ತಿಗೆ ಬಂತೋ.

ಗೋಪಿನಾಥಂನಲ್ಲೇ ಸತ್ತಳು ಅಂತ ಮೂರನೇ ಬೇಸಿನ್ನಿನವಳು ಸಂತೆಯಲ್ಲಿ ಸಿಕ್ಕಿ ಹೇಳಿದಳು. ಹೌದಾ ಅಂದೆ. ಟೊಮೇಟೊ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ.

ಬಸ್ಸಿನಲ್ಲಿ ಮೊಮ್ಮಗಳಿಗೆ ಹೇಳಿದ್ದು ಇಲ್ಲಿಯವರೆಗೆ. ಅವಳಿಗೂ ಸಿಟ್ಟು ಬಂತು. ಎಂಥ ಹೆಂಗಸು ಅಜ್ಜಿ ಅವಳು, ಅಂದಳು. ಪುಸ್ತಕದಲ್ಲಿ ಗಂಟೆ ಕೇಳಿದ್ದಕ್ಕೆ ಜನ ಉಳಿದರು, ನಮ್ಮಲ್ಲಿ ರಾಟೆ ಕೇಳಿದ್ದಕ್ಕೆ ಕೆಟ್ಟೆವು ಅಂದೆ. ಅದಕ್ಕೆ ಅವಳು ತಲೆಯಾಡಿಸಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾನು ಒಳ್ಳೆಯವಳು, ಅವಳು ಕೆಟ್ಟವಳು.

ನನ್ನ ಗಂಡ ಹೋಗಿ ಹದಿನಾಲ್ಕು ವರ್ಷ. ಆಗಲೂ ನಾನು ಬೇಸಿನ್ನಿನ ಮುಂದೆ ಕೂರುತ್ತಿದ್ದೆ. ಅವನನ್ನು ಆಸ್ಪತ್ರೆಗೆ ಸೇರಿಸಿ ಎರಡು ದಿನ ಆಗಿತ್ತು, ಮಗಳು ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಫ್ಯಾಕ್ಟರಿ ಓನರಿನ ಫೋನಿಗೆ ಮಗಳು ಮಾಡಿದಳು, ಅಪ್ಪನಿಗೆ ಉಸಿರು ಹಿಡಿಯುತ್ತಿದೆ, ನಿನ್ನ ಕೇಳ್ತಾ ಇದಾರೆ, ಈಗಲೇ ಬಾ ಅಂತ. ಓನರು ಒಳ್ಳೆಯವನು. ಹೋಗಮ್ಮ, ಆಟೋ ತರಿಸ್ತೀನಿ ಅಂದ. ಗೇಟು ತೆರೆದೇ ಇತ್ತು. ಅಲ್ಲಿ ಬೀಗ ಹಾಕುವ ಪದ್ಧತಿಯೇ ಇರಲಿಲ್ಲ.

ನನ್ನ ಬೇಸಿನ್ನಿನಲ್ಲಿ ಆಗತಾನೇ ಹಾಕಿದ ಬೆಂದ ಗೂಡಿತ್ತು.

ಏಳಬೇಕು ಅಂತ ಗೊತ್ತಿತ್ತು. ಕಾಲು ಹಿಡಿದಿರಲಿಲ್ಲ. ಇದೊಂದು ಮುಗಿಸಿ ಏಳ್ತೀನಿ ಅಂದೆ. ಬೆರಳು ತಾನಾಗಿಯೇ ಎಳೆ ಹುಡುಕುತ್ತಿತ್ತು. ಒಂದೂ ಹರಿಯಲಿಲ್ಲ ಅವತ್ತು. ಪಕ್ಕದವಳು ಎರಡು ಸಲ ಬಂದು, ನಾನು ಮುಗಿಸ್ತೀನಿ ಓಗಕ್ಕ ಅಂದಳು. ಅವಳ ಕೈಗೆ ಕೊಡಲು ನನ್ನ ಕೈ ಒಪ್ಪಲಿಲ್ಲ. ಮುಕ್ಕಾಲು ಗಂಟೆ ಆಯಿತು. ಮುಗಿಸಿ, ಕೈ ಒರೆಸಿಕೊಂಡು, ಆಟೋ ಹತ್ತಿ ಹೋದೆ. ಅವನ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಬಹಳ ಹೊತ್ತು ಬಾಗಿಲ ಕಡೆಯೇ ನೋಡ್ತಿದ್ದರು ಅವ್ವ, ಎಲ್ಲಿದ್ದೆ ಅಂತ ಮಗಳು ಕೇಳಿದಳು. ಆಟೋ ಸಿಗಲಿಲ್ಲ ಅಂದೆ.

ಹದಿನಾಲ್ಕು ವರ್ಷ ಅವಳು ಆಟೋದವರಿಗೆ ಬೈದುಕೊಂಡೇ ಬಂದಿದ್ದಾಳೆ.

ಅವತ್ತಿನಿಂದ ಅಕ್ಕನಿಗೆ ಬೈಯಲು ಬಾಯಿ ತೆಗೆದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅವಳು ಮಾಡಿದ್ದು ಸರಿ ಅಂತ ಅಲ್ಲ. ಸರಿ ಅಲ್ಲವೇ ಅಲ್ಲ. ಎದ್ದು ಬರಬೇಕಿತ್ತು ಅವಳು. ಹತ್ತು ಹೆಜ್ಜೆ ಇತ್ತು ಗೇಟಿಗೆ. ಹುಳ ಹೆಂಗೂ ಸತ್ತಿತ್ತು. ಆದರೆ ಆ ಹತ್ತು ಹೆಜ್ಜೆ ಯಾಕೆ ಆಗಲಿಲ್ಲ ಅಂತ ಈಗ ನನಗೆ ಗೊತ್ತು, ಅದೇ ಕಷ್ಟ. ಮಗ ಹೋದ, ಗಂಡ ಹೋದ, ಯಾರನ್ನೋ ಬೈದುಕೊಂಡಾದರೂ ಇರೋಣ ಅಂದರೆ ಅದನ್ನೂ ಅವಳು ಉಳಿಸಲಿಲ್ಲ. ಗಂಡನ ತಿಥಿ ಕಳೆದ ಮೇಲೆ ಒಂದು ಸಲ ಹೋಗಿ ಅವಳ ಮುಂದೆ ಕೂತು ಇಷ್ಟನ್ನೂ ಹೇಳಬೇಕು ಅನ್ನಿಸಿತ್ತು. ಆ ಹೊತ್ತಿಗೆ ಗೋಪಿನಾಥಂಗೆ ಬಸ್ಸಿತ್ತು. ಅವಳಿರಲಿಲ್ಲ.

ಇದನ್ನು ಮೊಮ್ಮಗಳು ಓದುತ್ತಾಳೆ. ಓದಿ ಅವಳವ್ವನಿಗೂ ತೋರಿಸುತ್ತಾಳೆ. ತೋರಿಸಲಿ. ನನ್ನ ಮಗಳು ಎದುರಿಗೆ ನಿಂತು ಯಾಕವ್ವಾ ಅಂತ ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಮಾತು, ಬೆಂದುಹೋಗಿತ್ತು ಅಂತ. ಅದನ್ನು ಕೇಳಿ ಅವಳು ಏನು ಅನ್ನುತ್ತಾಳೆ ಅಂತಲೂ ನನಗೆ ಗೊತ್ತು. ಅವತ್ತು ಜಗಲಿಯಲ್ಲಿ ಕೂತು ಅದನ್ನು ಅಂದವಳು ನಾನೇ.